ಹಾಸ್ಯರಸವೂ ಗಡಿಯಾರವೂ

ಅಮೆರಿಕ ದೇಶದವರು ಸಿಟ್‌ಕಾಮ್ ಎಂದು ಹೆಸರಿಟ್ಟು ಕರೆಯುವ ಹಾಸ್ಯರೂಪಕಗಳು ಹುಟ್ಟಿದುದು ರೇಡಿಯೋವಿನಲ್ಲಿ, ಬೆಳೆದುದು ಟೆಲಿವಿಷನ್ನಿನಲ್ಲಿ. ಒಂದು ಮನೆ ಅಥವಾ ಒಂದು ಕಛೇರಿ, ಬದಲಾಗದ ನಾಲ್ಕಾರು ಪಾತ್ರಗಳು, ವಾರಕ್ಕೊಂದು ಹೊಸ ತೊಡಕು, ಅರ್ಧ ಗಂಟೆಯೊಳಗೆ ಅದರ ಬಿಡುಗಡೆ. ಇಷ್ಟೇ ಅದರ ಲಕ್ಷಣ. ಹೀಗೆ ಸಂಕ್ಷೇಪವಾಗಿ ಹೇಳಿದರೆ ಇದೊಂದು ಅಲ್ಪವಾದ ಕಲೆಯೆಂದು ತೋರಬಹುದು. ಆದರೆ ದಶರೂಪಕಗಳಲ್ಲಿ ಪ್ರಹಸನಕ್ಕೂ ಒಂದು ಪೀಠವನ್ನು ಹಾಕಿಕೊಟ್ಟ ಶಾಸ್ತ್ರವನ್ನು ಓದಿದವರು ನಗುವನ್ನು ಹಗುರವೆಂದು ಎಣಿಸಲಾರರು. ಭರತಮುನಿಯು ಹಾಸ್ಯವನ್ನು ಎಂಟು ರಸಗಳಲ್ಲಿ ಒಂದಾಗಿ ಎಣಿಸಿದುದಲ್ಲದೆ, ತುಟಿಯಂಚಿನಲ್ಲಿ ಮೂಡುವ ಸ್ಮಿತದಿಂದ ಹಿಡಿದು ಪಕ್ಕೆಗಳನ್ನು ಹಿಡಿದುಕೊಂಡು ನಗುವ ಅತಿಹಸಿತದವರೆಗೆ ಅದಕ್ಕೆ ಆರು ಮೆಟ್ಟಲುಗಳನ್ನೂ ಕಟ್ಟಿಕೊಟ್ಟಿದ್ದಾನೆ. ಹೀಗಿರಲು, ಆ ಮೆಟ್ಟಲುಗಳಲ್ಲಿ ಒಂದೆರಡನ್ನು ಯಾರೋ ಕಿತ್ತುಕೊಂಡು ಹೋದರೆ ಏರುವವನ ಗತಿಯೇನು ಎಂಬುದೇ ಪ್ರಕೃತ ವಿಚಾರ.

ಕಿತ್ತುಕೊಂಡು ಹೋಗುವವನು ಗಡಿಯಾರ. ಐವತ್ತರ ದಶಕದಲ್ಲಿ ಅರ್ಧ ಗಂಟೆಯ ಇಂತಹ ರೂಪಕವೊಂದು ಸುಮಾರು 26 ನಿಮಿಷ ನಡೆಯುತ್ತಿದ್ದಿತು. ಉಳಿದ 4 ನಿಮಿಷ ಜಾಹೀರಾತಿಗೂ ಪ್ರಕಟನೆಗಳಿಗೂ ಸಲ್ಲುತ್ತಿದ್ದಿತು. ಎಪ್ಪತ್ತರ ದಶಕದಲ್ಲಿ ರೂಪಕದ ಪಾಲು 25ರ ಆಸುಪಾಸಿಗೆ ಇಳಿಯಿತು. ಶತಮಾನವು ಮುಗಿಯುವ ಹೊತ್ತಿಗೆ ಸುಮಾರು 22ಕ್ಕೆ ಬಂದು ನಿಂತಿತು. ಹೊಸದಾಗಿ ಬರೆಯುವವರಿಗೆ ಇದರಿಂದ ಬಾಧೆಯಿಲ್ಲ. ಅವರು ಪಾತ್ರೆಯನ್ನು ನೋಡಿಕೊಂಡೇ ಅಡಿಗೆ ಮಾಡುತ್ತಾರೆ. ಬಾಧೆಯೆಲ್ಲವೂ ಹಳೆಯ ಕೃತಿಗಳಿಗೆ. 26 ನಿಮಿಷದ ರೂಪಕವನ್ನು 22 ನಿಮಿಷದ ಅವಕಾಶದಲ್ಲಿ ಮರುಪ್ರಸಾರ ಮಾಡಬೇಕಾದರೆ 4 ನಿಮಿಷವನ್ನು ಹೊರಕ್ಕೆ ಚೆಲ್ಲಲೇಬೇಕು. ನೂರಕ್ಕೆ 15 ಎಂದರೆ ಅಷ್ಟೇನೂ ಹೆಚ್ಚಲ್ಲವೆಂದು ಲೆಕ್ಕಿಗನು ಹೇಳಿಯಾನು. ಅನುಷ್ಟುಪ್ ಶ್ಲೋಕದ 32 ಅಕ್ಷರಗಳಲ್ಲಿ 5 ಅಕ್ಷರಗಳನ್ನು ತೆಗೆದು ಓದಿ ನೋಡಿದರೆ ನೂರಕ್ಕೆ 15 ಎಂಬುದರ ಬೆಲೆ ತಿಳಿಯುವುದು.

ಗಡಿಯಾರಕ್ಕೆ ಈ ಹಸಿವು ತಾನಾಗಿ ಹುಟ್ಟಿದುದಲ್ಲ. 1952ರಿಂದ ಅಮೆರಿಕದ ಪ್ರಸಾರಕರ ಸಂಘವು ತನಗೆ ತಾನೇ ಒಂದು ನಿಯಮಾವಳಿಯನ್ನು ವಿಧಿಸಿಕೊಂಡು, ಗಂಟೆಗೆ ಇಷ್ಟೇ ಜಾಹೀರಾತು ಎಂಬ ಕಟ್ಟಳೆಯನ್ನು ಪಾಲಿಸುತ್ತಿದ್ದಿತು. ಹೀಗೆ ಒಟ್ಟುಗೂಡಿ ಕಾಲವನ್ನು ಮಿತಗೊಳಿಸುವುದು ವ್ಯಾಪಾರದ ಸ್ಪರ್ಧೆಗೆ ಅಡ್ಡಿಯೆಂದು ಆ ದೇಶದ ಸರ್ಕಾರವೇ ನ್ಯಾಯಾಲಯಕ್ಕೆ ಹೋದುದರಿಂದ 1982ರಲ್ಲಿ ಆ ಕಟ್ಟಳೆ ಬಿದ್ದುಹೋಯಿತು. 1984ರಲ್ಲಿ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ನು ತನ್ನ ಕಡೆಯ ಮಿತಿಯನ್ನೂ ಕೈಬಿಟ್ಟಿತು. ವರ್ತಕರ ಪೈಪೋಟಿಯನ್ನು ಕಾಪಾಡುವುದಕ್ಕಾಗಿ ಮಾಡಿದ ವ್ಯವಸ್ಥೆಯ ದಂಡವನ್ನು ಮೂವತ್ತು ವರ್ಷ ಹಿಂದೆ ಬರೆದಿಟ್ಟ ನಗೆಮಾತುಗಳು ತೆರಬೇಕಾಯಿತು.

ಕತ್ತರಿಯು ನಡೆಯುತ್ತಿದ್ದ ಬಗೆಯನ್ನು ಇಲ್ಲಿ ತುಸು ಹೇಳಬೇಕು. ಮೊದಲ ಕಾಲದಲ್ಲಿ ರೂಪಕಗಳ 16 ಮಿಲಿಮೀಟರಿನ ಫಿಲ್ಮ್ ಪ್ರತಿಗಳು ಒಂದು ಊರಿನ ಪ್ರಸಾರಕೇಂದ್ರದಿಂದ ಮತ್ತೊಂದು ಊರಿನ ಕೇಂದ್ರಕ್ಕೆ ಸರದಿಯ ಮೇಲೆ ಸಾಗುತ್ತಿದ್ದವು. ಸ್ಥಳೀಯ ಕೇಂದ್ರದ ನೌಕರನೊಬ್ಬನು ತನ್ನ ಊರಿನ ಜಾಹೀರಾತುಗಳಿಗೆ ಬೇಕಾದಷ್ಟು ಜಾಗವನ್ನು ತಾನೇ ಕತ್ತರಿಸಿ ಮಾಡಿಕೊಳ್ಳುವುದೂ ಉಂಟಾಗಿತ್ತು. ಮುಂದಿನ ದಶಕಗಳಲ್ಲಿ ನಿರ್ಮಾಣಸಂಸ್ಥೆಗಳೇ ಕುಗ್ಗಿಸಿದ ಪ್ರತಿಯೊಂದನ್ನು ಸಿದ್ಧಪಡಿಸಿ ಕಳುಹಿಸತೊಡಗಿದವು. ಎರಡರಲ್ಲಿಯೂ ಕತ್ತರಿಗೆ ಮೊದಲು ಸಿಕ್ಕುವ ಅಂಗಗಳು ಹೆಚ್ಚುಕಡಮೆ ಒಂದೇ. ಶೀರ್ಷಿಕೆಗೆ ಮುಂಚೆ ಬರುವ ಪುಟ್ಟ ಪೀಠಿಕೆ, ಕಥೆ ಮುಗಿದ ಮೇಲೆ ಬರುವ ಪುಟ್ಟ ಬಾಲ, ಮಾತಿಲ್ಲದೆ ಪಾತ್ರಗಳು ಓಡಾಡುವ ಎಡೆ, ಮುಖ್ಯ ಕಥೆಯ ಪಕ್ಕದಲ್ಲಿ ಹರಿಯುವ ಉಪಕಥೆ, ಮತ್ತು ಸಭಿಕರ ನಗು ಇಳಿಯುವವರೆಗೆ ನಟನು ಕಾದು ನಿಲ್ಲುವ ಕ್ಷಣ. ಇವುಗಳನ್ನು ತೆಗೆದರೆ ಕಥೆ ತಿಳಿಯದೆ ಹೋಗುವುದಿಲ್ಲ ಎಂಬುದು ಕತ್ತರಿ ಹಿಡಿದವನ ಸಮಾಧಾನ. ಕಥೆ ತಿಳಿಯುವುದೇನೋ ನಿಜ. ಆದರೆ ಸಂಸ್ಕೃತ ನಾಟಕದ ಕಥೆಯು ಪ್ರೇಕ್ಷಕನಿಗೆ ಮನೆಯಿಂದ ಹೊರಡುವ ಮೊದಲೇ ತಿಳಿದಿರುತ್ತಿದ್ದಿತು. ಅವನು ರಂಗದ ಮುಂದೆ ಬಂದು ಕುಳಿತುದು ಕಥೆಯನ್ನು ತಿಳಿಯಲೆಂದಲ್ಲ.

ಉದಾಹರಣೆಗೆ ಐ ಲವ್ ಲೂಸಿ ಎಂಬ ಮಾಲೆಯನ್ನು ತೆಗೆದುಕೊಳ್ಳಬಹುದು. ಇದು ಸಿ.ಬಿ.ಎಸ್. ಜಾಲದಲ್ಲಿ 1951ರ ಅಕ್ಟೋಬರ್ 15ರಂದು ಮೊದಲಾಗಿ 1957ರವರೆಗೆ ನಡೆಯಿತು. ಲೂಸಿಲ್ ಬಾಲ್ ಎಂಬ ನಟಿಯೂ ಆಕೆಯ ಪತಿ ಡೆಸಿ ಅರ್ನಾಜ್ ಎಂಬವನೂ ಇದರ ಪ್ರಧಾನ ಪಾತ್ರಧಾರಿಗಳು. ಅಂದಿನ ಬಹುಪಾಲು ಕಾರ್ಯಕ್ರಮಗಳು ಆಡಿದ ಕೂಡಲೇ ಗಾಳಿಗೆ ಹೋಗುತ್ತಿದ್ದಾಗ, ಇವರು ಸಭಿಕರ ಎದುರಿಗೆ ಮೂರು ಕ್ಯಾಮರಾಗಳನ್ನು ಒಟ್ಟಿಗೆ ನಡೆಸಿ 35 ಮಿಲಿಮೀಟರಿನ ಫಿಲ್ಮಿನ ಮೇಲೆ ಆಟವನ್ನು ಹಿಡಿದಿಟ್ಟರು. ಜರ್ಮನಿಯಲ್ಲಿ ಮೆಟ್ರೊಪೊಲಿಸ್ ಚಿತ್ರಕ್ಕೆ ಛಾಯಾಗ್ರಾಹಕರಲ್ಲೊಬ್ಬನಾಗಿದ್ದ ಕಾರ್ಲ್ ಫ್ರಾಯಿಂಡ್ ಎಂಬ ನಿಪುಣನೇ ಇಲ್ಲಿಯ ದೀಪಗಳನ್ನೂ ಕ್ಯಾಮರಾಗಳನ್ನೂ ನೋಡಿಕೊಂಡವನು. ಅಷ್ಟು ಶ್ರದ್ಧೆಯಿಂದ ಉಳಿಸಿದುದನ್ನೇ ಆಮೇಲೆ ಕತ್ತರಿಗೆ ಒಡ್ಡಬೇಕಾಯಿತು.

ಈ ಮಾಲೆಯಲ್ಲಿ 1952ರ ಮೇ ತಿಂಗಳಿನಲ್ಲಿ ಪ್ರಸಾರವಾದ ಒಂದು ಕಂತು ಜಗತ್ಪ್ರಸಿದ್ಧವಾದುದು. ಲೂಸಿಯು ಹೇಗೋ ಉಪಾಯ ಮಾಡಿ ಟೆಲಿವಿಷನ್ನಿನಲ್ಲಿ ಒಂದು ಟಾನಿಕ್ಕಿನ ಜಾಹೀರಾತನ್ನು ಹೇಳುವ ಕೆಲಸವನ್ನು ಗಿಟ್ಟಿಸಿಕೊಳ್ಳುತ್ತಾಳೆ. ಮಾತನ್ನು ಹೇಳುತ್ತ ಒಂದು ಚಮಚ ಔಷಧವನ್ನು ಕುಡಿದು ತೋರಿಸಬೇಕು. ಆ ಔಷಧದಲ್ಲಿ ನೂರಕ್ಕೆ 23 ಪಾಲು ಮದ್ಯಸಾರವಿರುವುದು ಆಕೆಗೆ ತಿಳಿಯದು. ಅಭ್ಯಾಸದ ಮೇಲೆ ಅಭ್ಯಾಸ ನಡೆಯುತ್ತದೆ; ಮಾತು ಅದೇ, ಚಮಚ ಅದೇ, ಆದರೆ ಪ್ರತಿಸಲವೂ ನಾಲಿಗೆ ಒಂದಿಷ್ಟು ತೊಡರುತ್ತದೆ, ಕಣ್ಣು ಒಂದಿಷ್ಟು ತೇಲುತ್ತದೆ, ಔಷಧದ ಹೆಸರೇ ಬಾಯಿಯಲ್ಲಿ ಚೂರುಚೂರಾಗುತ್ತದೆ. ಮೊದಲ ಚಮಚಕ್ಕೆ ಮುಖವನ್ನು ಕಿವಿಚಿದವಳು ಕೊನೆಗೆ ಅದೇ ಅಮೃತವೆಂಬಂತೆ ಸವಿಯುತ್ತಾಳೆ. ಇಲ್ಲಿ ಅದೇ ವಾಕ್ಯವು ಮರಳಿ ಮರಳಿ ಬರುವುದರಿಂದ ಒಂದು ಆವೃತ್ತಿಯನ್ನು ತೆಗೆದರೆ ನಷ್ಟವಿಲ್ಲವೆಂದು ಅವಸರದವನಿಗೆ ತೋರಬಹುದು. ನಷ್ಟವಿರುವುದೇ ಅಲ್ಲಿ. ಮೊದಲ ಸಲದ ಶುದ್ಧಪಾಠವು ಕಿವಿಯಲ್ಲಿ ನಿಂತಲ್ಲದೆ ಎರಡನೆಯದರ ತೊಡರು ತೊಡರೆಂದು ತಿಳಿಯದು; ಎರಡನೆಯದನ್ನು ಕೇಳಿದವನಿಗೇ ಮೂರನೆಯದರ ಪ್ರಲಾಪವು ರುಚಿಸುವುದು. ಸ್ಮಿತ, ಹಸಿತ, ವಿಹಸಿತ ಎಂದು ಮುನಿಯು ಹೇಳಿದ ಕ್ರಮವು ಈ ನಟಿಗೆ ಯಾರೂ ಹೇಳಿಕೊಡದೆ ಬಂದಿತ್ತು. ಜಾಹೀರಾತಿನ ಹುಚ್ಚನ್ನು ಹಾಸ್ಯಮಾಡುವ ಈ ರೂಪಕವನ್ನೂ ಜಾಹೀರಾತಿಗೆ ಎಡೆಮಾಡುವುದಕ್ಕಾಗಿ ಕುಗ್ಗಿಸುವ ಕಾಲ ಬಂದಿತೆಂಬುದು ಪ್ರಹಸನಕಾರರೂ ಊಹಿಸದಿದ್ದ ಪ್ರಹಸನ.

ಲೋಪದ ಜತೆಗೆ ಪ್ರಕ್ಷೇಪವೂ ಸೇರಿಕೊಂಡಿತು. ಇಂದು ಐ ಲವ್ ಲೂಸಿ ಎಂದೊಡನೆ ಬಹುಮಂದಿಯ ಕಣ್ಣಿಗೆ ಕಟ್ಟುವುದು ರೇಷ್ಮೆಯ ಬಟ್ಟೆಯ ಮೇಲಿನ ಹೃದಯದ ಆಕೃತಿ ಮತ್ತು ಅದರೊಳಗೆ ಬರೆದ ಹೆಸರು. ಮೂಲ ಪ್ರಸಾರದಲ್ಲಿ ಅದಿರಲಿಲ್ಲ. ಕಡ್ಡಿಗೊಂಬೆಗಳಂತೆ ಬರೆದ ಗಂಡಹೆಂಡಿರು, ಧನಸಹಾಯ ಮಾಡುತ್ತಿದ್ದ ಫಿಲಿಪ್ ಮಾರಿಸ್ ಸಿಗರೇಟಿನ ಪೆಟ್ಟಿಗೆಯೊಡನೆ ಆಡುವ ಚಿತ್ರಗಳು ಅಲ್ಲಿದ್ದವು. ಮರುಪ್ರಸಾರದಲ್ಲಿ ಆ ಸಿಗರೇಟಿನ ಕುರುಹನ್ನು ಅಳಿಸಬೇಕಾದುದರಿಂದ ಹೃದಯವನ್ನು ಹೊಸದಾಗಿ ತಂದಿಟ್ಟರು. ಅದು ಎಷ್ಟು ಚೆನ್ನಾಗಿ ಹೊಂದಿಕೊಂಡಿತೆಂದರೆ ಈಗ ಮೂಲವನ್ನು ತೋರಿಸಿದರೆ ಅದನ್ನೇ ಕೂಟಪಾಠವೆಂದು ಜನರು ಶಂಕಿಸುವರು. ಹಸ್ತಪ್ರತಿಗಳನ್ನು ಶೋಧಿಸಿದವರಿಗೆ ಇದು ಹೊಸ ಅನುಭವವಲ್ಲ. ಲಿಪಿಕಾರನೊಬ್ಬನು ತನ್ನ ಕಾಲದ ರುಚಿಗೆ ಸೇರಿಸಿದ ಶ್ಲೋಕವೇ ಎಲ್ಲರ ಬಾಯಲ್ಲಿ ನಿಂತು, ಕವಿಯ ಶ್ಲೋಕವು ಅಡಿಟಿಪ್ಪಣಿಗೆ ಇಳಿದಿರುವ ಗ್ರಂಥಗಳು ಎಷ್ಟಿಲ್ಲ! ಈ ಒಂದು ಪ್ರಕ್ಷೇಪದ ಮಟ್ಟಿಗೆ ಯಾರೂ ಅಳಬೇಕಾದುದಿಲ್ಲ. ಸಿಗರೇಟು ಹೋಗಿ ಹೃದಯ ಬಂದುದು ಲಾಭವೇ.

ಆದರೆ ಲೋಪದ ವಿಷಯದಲ್ಲಿ ಇಷ್ಟು ಉದಾರವಾಗಿರಲು ಸಾಧ್ಯವಿಲ್ಲ. ಧನಂಜಯನು ದಶರೂಪಕದಲ್ಲಿ ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳನ್ನು ಹೇಳಿ, ಪ್ರಹಸನಕ್ಕೆ ಮಾತ್ರ ಮುಖ, ನಿರ್ವಹಣ ಎಂಬ ಎರಡನ್ನೇ ಉಳಿಸುತ್ತಾನೆ. ಬೀಜವನ್ನು ಬಿತ್ತಿದ ಕೂಡಲೇ ಫಲವನ್ನು ಕೊಯ್ಯತಕ್ಕ ರೂಪಕವದು. ಐದು ಸಂಧಿಗಳ ದೊಡ್ಡ ಶರೀರವು ಒಂದೆರಡು ಗಾಯಗಳನ್ನು ತಡೆದುಕೊಂಡೀತು. ಎರಡೇ ಸಂಧಿಗಳುಳ್ಳ ಸಣ್ಣ ಶರೀರಕ್ಕೆ ಆ ಶಕ್ತಿಯಿಲ್ಲ. ದೊಡ್ಡದಕ್ಕಿಂತ ಸಣ್ಣದನ್ನು ಕತ್ತರಿಸುವುದು ಸುಲಭವೆಂದು ತಿಳಿದಿರುವುದೇ ಈ ವ್ಯವಹಾರದ ಮೂಲದೋಷ.

ದಿ ಮೇರಿ ಟೈಲರ್ ಮೂರ್ ಷೋ ಎಂಬ ಮಾಲೆಯಲ್ಲಿ 1975ರ ಅಕ್ಟೋಬರ್ 25ರಂದು ಬಂದ ಕಂತೊಂದು ಇದಕ್ಕೆ ಒಳ್ಳೆಯ ಪ್ರಮಾಣ. ಡೇವಿಡ್ ಲಾಯ್ಡ್ ಎಂಬವನು ಅದನ್ನು ಬರೆದನು. ಟೆಲಿವಿಷನ್ ಕೇಂದ್ರದ ವಿದೂಷಕನೊಬ್ಬನು ಕಡಲೆಕಾಯಿಯ ವೇಷದಲ್ಲಿ ಮೆರವಣಿಗೆಗೆ ಹೋಗಿದ್ದಾಗ ಆನೆಯೊಂದು ಅವನನ್ನು ಕಡಲೆಕಾಯಿಯೆಂದೇ ಬಗೆದು ಸುಲಿಯಲು ಹೋಗಿ ಅವನು ಸಾಯುತ್ತಾನೆ. ಸುದ್ದಿ ಕೇಳಿದ ಸಹೋದ್ಯೋಗಿಗಳಿಗೆ ದುಃಖಕ್ಕಿಂತ ಹೆಚ್ಚಾಗಿ ನಗು ಉಕ್ಕುತ್ತದೆ. ಒಬ್ಬರು ಅಡಗಿಸಿದರೆ ಮತ್ತೊಬ್ಬರು ಒಂದು ಚೇಷ್ಟೆಯ ಮಾತನ್ನು ಆಡುತ್ತಾರೆ. ಮೇರಿ ಎಂಬ ನಾಯಿಕೆಯೊಬ್ಬಳೇ ಪದೇ ಪದೇ ಅವರನ್ನು ಗದರಿಸುತ್ತಾಳೆ. ಕೊನೆಗೆ ಅಂತ್ಯಕ್ರಿಯೆಯ ಸಭೆಯಲ್ಲಿ ಉಳಿದವರೆಲ್ಲರೂ ಗಂಭೀರವಾಗಿ ಕುಳಿತಿರುವಾಗ, ಪಾದ್ರಿಯು ಸತ್ತವನ ವಿನೋದಗಳನ್ನು ನೆನೆಸುತ್ತಿರಲು, ನಗು ತಡೆಯಲಾರದೆ ಸಿಕ್ಕಿಬೀಳುವವಳು ಅದೇ ಮೇರಿ. ನಗಿಸುವುದೇ ಅವನ ಬಾಳಾಗಿತ್ತು, ನಗಬಹುದಮ್ಮಾ ಎಂದು ಪಾದ್ರಿಯು ಅನುಮತಿ ಕೊಟ್ಟೊಡನೆ ಆಕೆ ಗಳಗಳನೆ ಅತ್ತುಬಿಡುತ್ತಾಳೆ. ಹಾಸ್ಯವೂ ಕರುಣವೂ ಒಂದೇ ನಾಳದಲ್ಲಿ ಹರಿಯುವುದನ್ನು ಇಷ್ಟು ಸರಳವಾಗಿ ತೋರಿಸಿದ ದೃಶ್ಯಗಳು ಅಪೂರ್ವ. ಈಗ ಕತ್ತರಿಯವನು ಬಂದು, ಮೇರಿಯು ಮೂರು ಸಲ ಗದರಿಸಿದುದರಲ್ಲಿ ಒಂದು ಸಾಲದೇ ಎಂದು ಕೇಳಿದರೆ ಏನೆಂದು ಉತ್ತರ ಕೊಡುವುದು? ಕೊನೆಯ ನಗುವಿನ ಬೇರು ಆ ಗದರಿಕೆಗಳಲ್ಲಿದೆ. ಬೀಜಗಳನ್ನು ಮಿತಗೊಳಿಸಿ ಬೆಳೆಯನ್ನು ಮಾತ್ರ ಪೂರ್ತಿಯಾಗಿ ಕೇಳುವ ಒಕ್ಕಲಿಗನು ಎಲ್ಲಿಯೂ ಇಲ್ಲ.

ಕತ್ತರಿಯ ಕೆಲಸವು ಎಷ್ಟು ಕುರುಡಾಗಬಹುದೆಂಬುದಕ್ಕೆ ನ್ಯಾಯಾಲಯದ ದಾಖಲೆಯೇ ಒಂದುಂಟು. ಮಾಂಟಿ ಪೈಥಾನ್ ಎಂಬ ಆಂಗ್ಲ ಹಾಸ್ಯಗಾರರ ಮಂಡಲಿಯು ಬಿ.ಬಿ.ಸಿ.ಗಾಗಿ 1969ರಿಂದ 1974ರವರೆಗೆ ಒಂದು ಮಾಲೆಯನ್ನು ನಡೆಸಿತು. ಇದು ಸರಿಯಾದ ಅರ್ಥದಲ್ಲಿ ಸಿಟ್‌ಕಾಮ್ ಅಲ್ಲ, ಬಿಡಿ ಪ್ರಸಂಗಗಳ ಹೆಣಿಗೆ. ಆದರೂ ರೋಗವು ಒಂದೇ ಆದುದರಿಂದ ಇಲ್ಲಿ ಸಲ್ಲುತ್ತದೆ. ಜಾಹೀರಾತಿಲ್ಲದ ಬಿ.ಬಿ.ಸಿ.ಗಾಗಿ ಮಾಡಿದ ಅರ್ಧ ಗಂಟೆಯ ಮೂರು ಕಾರ್ಯಕ್ರಮಗಳನ್ನು ಅಮೆರಿಕದ ಎ.ಬಿ.ಸಿ. ಜಾಲವು ಒಂದಾಗಿ ಸೇರಿಸಿ, 90 ನಿಮಿಷಗಳಲ್ಲಿ 24 ನಿಮಿಷಗಳನ್ನು ಕಳೆದು, 1975ರ ಅಕ್ಟೋಬರಿನಲ್ಲಿ ಪ್ರಸಾರ ಮಾಡಿತು. ಕಳೆದುದರಲ್ಲಿ ಜಾಹೀರಾತಿನ ಕಾರಣವೂ ಇತ್ತು, ಅಶ್ಲೀಲವೆಂಬ ಅಂಜಿಕೆಯೂ ಇತ್ತು. ಒಂದು ಪ್ರಸಂಗದಲ್ಲಿ ದೊಡ್ಡ ಮನೆತನದ ಆಂಗ್ಲ ಕುಟುಂಬವೊಂದು ಯಾವ ಶಬ್ದವು ಮರದಂತೆ ಧ್ವನಿಸುತ್ತದೆ, ಯಾವುದು ತಗಡಿನಂತೆ ಧ್ವನಿಸುತ್ತದೆ ಎಂದು ಚರ್ಚಿಸುತ್ತ ಕುಳಿತಿರುತ್ತದೆ. ತಂದೆಯು ಬರಬರುತ್ತ ಶೃಂಗಾರದ ಶಬ್ದಗಳಿಗೆ ಕೈಹಾಕಲು, ತಾಯಿಯು ಒಂದು ಬಕೆಟ್ ನೀರನ್ನು ತಂದು ಅವನ ತಲೆಯ ಮೇಲೆ ಸುರಿಯುತ್ತಾಳೆ. ಎ.ಬಿ.ಸಿ.ಯವರು ಈ ನಡುವಿನ ಭಾಗವನ್ನು ತೆಗೆದುಹಾಕಿದರು. ಪರಿಣಾಮವಾಗಿ ತಂದೆಯು ಒಂದು ಕ್ಷಣದಲ್ಲಿ ಗರಿಗರಿಯಾದ ಉಡುಪಿನಲ್ಲಿ ಕುಳಿತಿದ್ದು, ಮರುಕ್ಷಣದಲ್ಲಿ ಯಾವ ಕಾರಣವೂ ಇಲ್ಲದೆ ತೊಯ್ದು ತೊಪ್ಪೆಯಾಗಿ ಕಾಣಿಸಿಕೊಂಡನು! ಈ ಉದಾಹರಣೆಯನ್ನು ಎತ್ತಿ ಬರೆದವರು ವಿಮರ್ಶಕರಲ್ಲ, ಮೇಲಣ ನ್ಯಾಯಾಲಯದ ನ್ಯಾಯಾಧೀಶರು.

1976ರ ಜೂನ್ 30ರಂದು ಆ ನ್ಯಾಯಾಲಯವು ಕವಿಗಳ ಪಕ್ಷವನ್ನು ಹಿಡಿದು, ಇಂತಹ ಪ್ರಸಾರವನ್ನು ತಡೆಯಿತು. ಬಿ.ಬಿ.ಸಿ.ಯೊಡನೆ ಬರೆಹಗಾರರು ಮಾಡಿಕೊಂಡಿದ್ದ ಕರಾರಿನಲ್ಲಿ ಅವರನ್ನು ಕೇಳದೆ ಕೃತಿಯನ್ನು ಗಣನೀಯವಾಗಿ ಬದಲಾಯಿಸುವ ಅಧಿಕಾರವು ಬಿ.ಬಿ.ಸಿ.ಗೇ ಇರಲಿಲ್ಲ, ತನ್ನಲ್ಲಿಲ್ಲದುದನ್ನು ಅದು ಮತ್ತೊಬ್ಬರಿಗೆ ಮಾರಲಾರದು ಎಂಬುದು ಒಂದು ಯುಕ್ತಿ. ಅಂಗಭಂಗವಾದ ಕೃತಿಯನ್ನು ಕರ್ತೃವಿನ ಹೆಸರಿನಲ್ಲಿ ತೋರಿಸುವುದು ಕರ್ತೃವಿನ ಮೇಲೆ ಹೊರಿಸಿದ ಸುಳ್ಳು ಎಂಬುದು ಇನ್ನೊಂದು. ತೀರ್ಪಿನಲ್ಲಿ ಒಟ್ಟುಗೂಡಿದ ಒಬ್ಬ ನ್ಯಾಯಾಧೀಶರು ಮಾತ್ರ, ಕತ್ತರಿಸಿದವರು ಇಂಥವರು ಎಂದು ಸ್ಪಷ್ಟವಾಗಿ ಪ್ರಕಟಿಸಿದರೆ ಎರಡನೆಯ ದೋಷವು ಹೋಗಬಹುದೆಂದು ಬೇರೆ ಬರೆದರು. ಅಮೆರಿಕದ ಕಾನೂನಿನಲ್ಲಿ ಕರ್ತೃವಿನ ಮಾನವನ್ನು ಸಾಮಾನ್ಯವಾಗಿ ಕಾಪಾಡುವ ವಿಧಿಯಿಲ್ಲದುದರಿಂದ ಅವರು ಇಷ್ಟು ಸುತ್ತಿ ಬರಬೇಕಾಯಿತು. ಭಾರತದ 1957ರ ಕೃತಿಸ್ವಾಮ್ಯ ಶಾಸನದ 57ನೆಯ ವಿಧಿಯು, ಕೃತಿಯನ್ನು ಮಾರಿಬಿಟ್ಟ ಮೇಲೆಯೂ, ತನ್ನ ಕೀರ್ತಿಗೆ ಕುಂದು ತರುವ ವಿಕಾರಗಳನ್ನು ತಡೆಯುವ ಅಧಿಕಾರವನ್ನು ಕರ್ತೃವಿಗೆ ಉಳಿಸಿದೆಯೆಂಬುದನ್ನು ಇಲ್ಲಿ ಸ್ಮರಿಸಬಹುದು. ವಿಧಿಯಿರುವುದೂ ಅದನ್ನು ಬಳಸುವವರಿರುವುದೂ ಬೇರೆ ಬೇರೆ.

ಇನ್ನು ಪೂರ್ವಪಕ್ಷವನ್ನು ನ್ಯಾಯವಾಗಿ ಕೇಳಬೇಕು. ಮರುಪ್ರಸಾರವಿಲ್ಲದಿದ್ದರೆ ಈ ರೂಪಕಗಳನ್ನು ಇಂದು ಬಲ್ಲವರು ಯಾರು? ಮರುಪ್ರಸಾರಕ್ಕೆ ಹಣವನ್ನು ಒದಗಿಸುವವನು ಜಾಹೀರಾತಿನವನಲ್ಲವೇ? ಹಾಗಾದರೆ ಅವನಿಗೆ ನಾಲ್ಕು ನಿಮಿಷವನ್ನು ಕೊಟ್ಟು ಉಳಿದ 22ನ್ನು ಉಳಿಸಿಕೊಳ್ಳುವುದು ಸರ್ವನಾಶದಲ್ಲಿ ಅರ್ಧವನ್ನು ಬಿಟ್ಟುಕೊಡುವ ಪಂಡಿತನ ನೀತಿಯೇ ಆಯಿತು. ಅಲ್ಲದೆ ಕಾಳಿದಾಸನ ಶಾಕುಂತಲವೇ ದೇವನಾಗರೀ ಪಾಠವೆಂದೂ ಬಂಗಾಳದ ಪಾಠವೆಂದೂ ಕಿರಿದುಹಿರಿದಾಗಿ ಸಾಗಿ ಬಂದಿಲ್ಲವೇ? ಕಿರಿದಾದುದನ್ನು ಓದಿ ಯಾರೂ ರಸಹಾನಿಯಾಯಿತೆಂದು ಗೋಳಾಡಲಿಲ್ಲವಲ್ಲ!

ಈ ವಾದದಲ್ಲಿ ಬಲವಿದೆ. ನಾಲ್ಕು ನಿಮಿಷದ ಸುಂಕವನ್ನು ತೆತ್ತೇ ಈ ರೂಪಕಗಳು ಮೂರು ತಲೆಮಾರುಗಳನ್ನು ದಾಟಿ ಬಂದುವೆಂಬುದನ್ನು ಅಲ್ಲಗಳೆಯುವಂತಿಲ್ಲ. ಶಾಕುಂತಲದ ಉಪಮೆ ಮಾತ್ರ ನಿಲ್ಲುವುದಿಲ್ಲ. ಅಲ್ಲಿ ಪಾಠಭೇದವನ್ನು ಮಾಡಿದವರು ನಟರೋ ರಸಿಕರೋ ಪಂಡಿತರೋ ಆಗಿರಬೇಕು. ಅವರು ತಪ್ಪಿದ್ದರೂ ಕಾವ್ಯದ ಒಳಗೆ ನಿಂತು ತಪ್ಪಿದರು. ಇಲ್ಲಿ ಅಳತೆಗೋಲು ಕಾವ್ಯದ ಹೊರಗಿದೆ. ಯಾವ ಮಾತು ಸಡಿಲ, ಯಾವ ದೃಶ್ಯವು ಅನುಚಿತ ಎಂಬ ಪ್ರಶ್ನೆಯೇ ಏಳುವುದಿಲ್ಲ. ಉತ್ತಮವಾದ ಕಂತಿಗೂ ಅಧಮವಾದ ಕಂತಿಗೂ ಒಂದೇ ನಾಲ್ಕು ನಿಮಿಷ. ಅನೌಚಿತ್ಯವೇ ರಸಭಂಗಕ್ಕೆ ಕಾರಣವೆಂದು ಆನಂದವರ್ಧನನು ಹೇಳಿದುದು ಕವಿಯನ್ನು ಕುರಿತು. ಔಚಿತ್ಯವನ್ನು ಕೇಳುವ ಹಂಗೇ ಇಲ್ಲದ ಕತ್ತರಿಯನ್ನು ಅವನು ಕಂಡಿರಲಿಲ್ಲ. ಇದಕ್ಕೂ ದೊಡ್ಡ ವ್ಯತ್ಯಾಸವೆಂದರೆ, ಶಾಕುಂತಲದ ಎರಡು ಪಾಠಗಳೂ ಓದುವವನ ಕೈಗೆ ಸಿಕ್ಕುತ್ತವೆ. ಅಮೆರಿಕದ ಮಧ್ಯಾಹ್ನದ ಪ್ರೇಕ್ಷಕನಿಗೆ ಮತ್ತೊಂದು ಪಾಠವಿದೆಯೆಂಬ ಸಂದೇಹವೇ ಬಹುಕಾಲ ಹುಟ್ಟಲಿಲ್ಲ. ಈ ಶತಮಾನದ ಮೊದಲಲ್ಲಿ ಪೂರ್ಣಪಾಠಗಳು ಡಿ.ವಿ.ಡಿ. ತಟ್ಟೆಗಳಲ್ಲಿ ಹೊರಬಂದಾಗ, ಚಿಕ್ಕಂದಿನಿಂದ ಬಾಯಿಪಾಠವಾಗಿದ್ದ ಕಂತುಗಳಲ್ಲಿ ಹಿಂದೆಂದೂ ಕಾಣದ ದೃಶ್ಯಗಳು ಎದುರಾದುವು.

ಮೌನವೂ ಒಂದು ಪಾಠವೆಂಬುದನ್ನು ಮರೆಯಬಾರದು. ಕೊರಿಯದ ಯುದ್ಧದಲ್ಲಿ ಗಾಯಗೊಂಡವರಿಗೆ ಚಿಕಿತ್ಸೆ ಮಾಡುವ ಸೇನಾವೈದ್ಯರನ್ನು ಕುರಿತ ಮ್ಯಾಶ್ ಎಂಬ ಮಾಲೆಯು ಸಿ.ಬಿ.ಎಸ್.ನಲ್ಲಿ 1972ರಿಂದ 1983ರವರೆಗೆ ನಡೆಯಿತು. ಯಂತ್ರದಿಂದ ನಗುವಿನ ಸದ್ದನ್ನು ತುಂಬುವುದು ನಿರ್ಮಾಪಕನಾದ ಲ್ಯಾರಿ ಗೆಲ್ಬಾರ್ಟನಿಗೆ ಸರಿಬೀಳಲಿಲ್ಲ, ಜಾಲದವರು ಬಿಡಲಿಲ್ಲ. ಕೊನೆಗೆ ಶಸ್ತ್ರಚಿಕಿತ್ಸೆಯ ಕೋಣೆಯ ದೃಶ್ಯಗಳಲ್ಲಿ ಮಾತ್ರ ನಗು ಬೇಡವೆಂದು ಒಪ್ಪಂದವಾಯಿತು. ಬ್ರಿಟನ್ನಿನಲ್ಲಿ ಬಿ.ಬಿ.ಸಿ.ಯು ಆ ಯಂತ್ರದ ನಗುವನ್ನು ತೆಗೆದೇ ಪ್ರಸಾರ ಮಾಡಿತು. ಒಂದೇ ಕೃತಿಯು ಸಮುದ್ರದ ಈಚೆಗೊಂದು, ಆಚೆಗೊಂದು ಆಯಿತು. ಇಲ್ಲಿ ಕಳೆದುದರಿಂದ ರಸವು ಹೆಚ್ಚಿತು; ಏಕೆಂದರೆ ಕಳೆದುದು ಕರ್ತೃವಿಗೆ ಬೇಡವಾಗಿದ್ದುದನ್ನು. ಕಳೆಯುವುದೆಲ್ಲವೂ ದೋಷವೆಂದು ಸಾಧಿಸುವವರು ಈ ನಿದರ್ಶನವನ್ನು ಎದುರಿಸಬೇಕಾಗುವುದು.

ಕತ್ತರಿಗಿಂತಲೂ ಹೀನವಾದ ಉಪಾಯವೊಂದು ಆಮೇಲೆ ಹೊರಟಿತು. ಯಾವುದನ್ನೂ ಕಿತ್ತುಹಾಕದೆ, ಇಡೀ ರೂಪಕವನ್ನು ತುಸು ವೇಗವಾಗಿ ಓಡಿಸುವುದು. ಧ್ವನಿಯು ಕೀರಲಾಗದಂತೆ ಸರಿಪಡಿಸುವ ಯಂತ್ರಗಳಿರುವುದರಿಂದ ಕೇಳುವವನಿಗೆ ಸುಲಭವಾಗಿ ಗೊತ್ತಾಗದು. ಸೈನ್‌ಫೆಲ್ಡ್ ಎಂಬ ಪ್ರಸಿದ್ಧ ಮಾಲೆಯು 1989ರಿಂದ 1998ರವರೆಗೆ ಮೊದಲ ಸಲ ನಡೆದುದು. ಅದರ ಮರುಪ್ರಸಾರವನ್ನು ಟಿ.ಬಿ.ಎಸ್. ವಾಹಿನಿಯು ನೂರಕ್ಕೆ ಸುಮಾರು 7.5ರಷ್ಟು ವೇಗವಾಗಿ ಓಡಿಸುತ್ತಿದೆಯೆಂದು ಹಳೆಯ ಪ್ರತಿಯೊಡನೆ ಹೋಲಿಸಿ ನೋಡಿದ ಪ್ರೇಕ್ಷಕನೊಬ್ಬನು 2013ರಲ್ಲಿ ತೋರಿಸಿಕೊಟ್ಟನು. 2015ರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಯು ಈ ಪದ್ಧತಿಯ ವಿಷಯವಾಗಿ ಬರೆಯಿತು. 22 ನಿಮಿಷದ ಕಂತಿಗೆ ಈ ಲೆಕ್ಕ ಹಾಕಿದರೆ ಮಿಗುವುದು ಸುಮಾರು ಒಂದೂವರೆ ನಿಮಿಷ; ಅರ್ಧ ನಿಮಿಷದ ಮೂರು ಜಾಹೀರಾತು.

ಶಿಕ್ಷಾಶಾಸ್ತ್ರದಲ್ಲಿ ಪಠನಕ್ಕೆ ದ್ರುತ, ಮಧ್ಯಮ, ವಿಲಂಬಿತ ಎಂದು ಮೂರು ವೃತ್ತಿಗಳನ್ನು ಹೇಳಿದೆ. ಒಬ್ಬನೇ ಕುಳಿತು ಅಭ್ಯಾಸ ಮಾಡುವುದಕ್ಕೆ ದ್ರುತ, ಪ್ರಯೋಗಕ್ಕೆ ಮಧ್ಯಮ, ಶಿಷ್ಯರಿಗೆ ಹೇಳಿಕೊಡುವುದಕ್ಕೆ ವಿಲಂಬಿತ. ಪ್ರಯೋಗದ ಕಾಲದಲ್ಲಿ ದ್ರುತವನ್ನು ಹಿಡಿದವನು ಅಕ್ಷರವನ್ನು ನುಂಗದೆ ಹೋದರೂ ಪ್ರಯೋಗವನ್ನು ಕೆಡಿಸಿದನೆಂದೇ ಅರ್ಥ. ವೇಗಗೊಳಿಸಿದ ಹಾಸ್ಯವೂ ಹಾಗೆಯೇ. ಜ್ಯಾಕ್ ಬೆನಿ ಎಂಬ ಹಾಸ್ಯಗಾರನು ಪರಮಲೋಭಿಯ ಪಾತ್ರಕ್ಕೆ ಹೆಸರಾದವನು. 1948ರ ರೇಡಿಯೋ ರೂಪಕವೊಂದರಲ್ಲಿ ದಾರಿಗಳ್ಳನು ಅವನನ್ನು ತಡೆದು, ಹಣವೋ ಪ್ರಾಣವೋ ಎಂದು ಕೇಳುತ್ತಾನೆ. ಬೆನಿಯು ಏನೂ ಹೇಳುವುದಿಲ್ಲ. ಆ ಮೌನವು ಬೆಳೆದಷ್ಟೂ ಸಭೆಯ ನಗು ಬೆಳೆಯುತ್ತದೆ. ಕಳ್ಳನು ಸಹನೆಗೆಟ್ಟು ಮತ್ತೆ ಕೇಳಿದಾಗ, ಯೋಚನೆ ಮಾಡುತ್ತಿದ್ದೇನೆ ಎಂಬರ್ಥದ ಉತ್ತರ ಬರುತ್ತದೆ. ಅಲ್ಲಿ ಹಾಸ್ಯವಿರುವುದು ಉತ್ತರದಲ್ಲಲ್ಲ, ಅದಕ್ಕೆ ಮುಂಚಿನ ಶೂನ್ಯದಲ್ಲಿ. ಆ ಶೂನ್ಯವನ್ನು ನೂರಕ್ಕೆ ಏಳೂವರೆಯಷ್ಟು ಕುಗ್ಗಿಸಬಹುದೇ ಎಂದು ಕೇಳುವವನಿಗೆ ಹಾಸ್ಯವೂ ತಿಳಿಯದು, ಶೂನ್ಯವೂ ತಿಳಿಯದು. ಕತ್ತರಿಯ ಗಾಯವು ಒಂದು ಅಂಗಕ್ಕೆ ಮಾತ್ರ. ತಂದೆಯು ಏಕೆ ತೊಯ್ದನೆಂದು ಪ್ರೇಕ್ಷಕನಾದರೂ ಕೇಳಿಯಾನು. ವೇಗದ ವಿಷವು ಸರ್ವಾಂಗಕ್ಕೂ ಏರುತ್ತದೆ, ಏರಿದುದು ತಿಳಿಯುವುದೂ ಇಲ್ಲ. ನಟನು ಒಂದು ಬಿಂದುವಿಗಾಗಿ ವರ್ಷಗಟ್ಟಲೆ ಪಳಗಿಸಿದ ಲಯವು ಸುಳಿವಿಲ್ಲದೆ ಹೋಗುತ್ತದೆ; ಪ್ರೇಕ್ಷಕನು, ಅಂದು ನಕ್ಕಷ್ಟು ಇಂದು ನಗು ಬರಲಿಲ್ಲವಲ್ಲ, ತನಗೇ ವಯಸ್ಸಾಯಿತೇನೋ ಎಂದುಕೊಂಡು ಎದ್ದುಹೋಗುತ್ತಾನೆ.

ಸಿನ್ಸಿನಾಟಿಯ ರೇಡಿಯೋ ಕೇಂದ್ರವೊಂದನ್ನು ಕುರಿತ ಡಬ್ಲ್ಯು.ಕೆ.ಆರ್.ಪಿ. ಎಂಬ ಮಾಲೆಯಿಂದ, ಹಕ್ಕಿನ ಹಣವನ್ನು ತೆರಲಾರದೆ, ಅದರ ಜೀವಾಳವಾಗಿದ್ದ ಹಾಡುಗಳನ್ನೇ ತೆಗೆದು ಬೇರೆ ವಾದ್ಯಗಳನ್ನು ಹಾಕಿದುದು ಇದೇ ಜಾತಿಯ ಇನ್ನೊಂದು ಕಥೆ. 2007ರ ತಟ್ಟೆಗಳಲ್ಲಿಯೂ ಹೀಗಾಗಿ, 2014ರಲ್ಲಿ ಬಹುಪಾಲು ಹಾಡುಗಳು ಹಿಂದಿರುಗಿದುವು. ಅದರ ವಿಸ್ತಾರ ಇಲ್ಲಿ ಬೇಡ.

ಈಗ ಇಂಟರ್‌ನೆಟ್ಟಿನ ಮೂಲಕ ರೂಪಕಗಳು ಮನೆಗೆ ಬರುತ್ತಿರುವುದರಿಂದ ಗಡಿಯಾರದ ಕಾಟ ತೀರಿತೆಂದು ಎಷ್ಟೋ ಮಂದಿ ಸಂತೋಷಪಟ್ಟರು. ಕನ್ನಡನಾಡಿನ ಮನೆಗಳಲ್ಲಿಯೂ ಮೊಮ್ಮಕ್ಕಳು ಈ ಅಮೆರಿಕದ ಹಾಸ್ಯಗಳನ್ನು ಬೇಕಾದ ವೇಳೆಯಲ್ಲಿ ನೋಡಿ ನಗುವುದುಂಟು. ಅಲ್ಲಿ ಅರ್ಧ ಗಂಟೆಗೆ ಮುಗಿಯಲೇಬೇಕೆಂಬ ನಿರ್ಬಂಧವಿಲ್ಲ. ಆದರೆ ಕಾಲದಲ್ಲಿ ನಿಂತ ಲೋಪವು ದೇಶದಲ್ಲಿ ತಲೆಯೆತ್ತಿತು. ಹಳೆಯ ಟೆಲಿವಿಷನ್ನಿನ ಚೌಕವು 4ಕ್ಕೆ 3ರ ಪ್ರಮಾಣದ್ದು. ಹೊಸದು 16ಕ್ಕೆ 9ರದು. ಅಗಲವಾದ ಹೊಸ ಪರದೆಯನ್ನು ತುಂಬಲೆಂದು ಹಳೆಯ ಚಿತ್ರದ ಮೇಲಣ ಅಂಚನ್ನೂ ಕೆಳಗಣ ಅಂಚನ್ನೂ ಕತ್ತರಿಸುವ ಪದ್ಧತಿ ಬಂದಿತು. 2021ರ ಅಕ್ಟೋಬರಿನಲ್ಲಿ ನೆಟ್‌ಫ್ಲಿಕ್ಸಿಗೆ ಸೈನ್‌ಫೆಲ್ಡ್ ಬಂದಾಗ, ರಸ್ತೆಯ ಗುಂಡಿಯನ್ನೇ ವಸ್ತುವಾಗಿ ಉಳ್ಳ ಕಂತೊಂದರಲ್ಲಿ ಪಾತ್ರಗಳು ನಿಂತು ಗುಂಡಿಯನ್ನು ನೋಡುತ್ತಿದ್ದಾರೆ, ಗುಂಡಿ ಮಾತ್ರ ಪರದೆಯ ಕೆಳಗೆ ಬಿದ್ದುಹೋಗಿದೆ! ಅದಕ್ಕೆ ಎರಡು ವರ್ಷ ಮುಂಚೆ, 2019ರ ನವೆಂಬರಿನಲ್ಲಿ, ಡಿಸ್ನಿ ಪ್ಲಸ್ಸಿನಲ್ಲಿ ದಿ ಸಿಂಪ್ಸನ್ಸ್ ಎಂಬ ಚಿತ್ರಮಾಲೆಗೂ ಇದೇ ಗತಿಯಾಯಿತು. ಅದರ 1993ರ ಕಂತೊಂದರಲ್ಲಿ ಬಿಯರ್ ಕಾರ್ಖಾನೆಯನ್ನು ನೋಡಲು ಹೋದವರ ಎದುರಿಗೆ ಮೂರು ದೊಡ್ಡ ತೊಟ್ಟಿಗಳಿವೆ. ಒಂದೊಂದರ ಮೇಲೂ ಒಂದೊಂದು ಬಗೆಯ ಬಿಯರಿನ ಹೆಸರು. ಮೇಲೆ ಕಣ್ಣೆತ್ತಿದರೆ ಮೂರಕ್ಕೂ ಸುರಿಯುತ್ತಿರುವುದು ಒಂದೇ ಕೊಳವೆ. ವರ್ತಕರ ಮಾತಿನ ಮೇಲೆ ಇದಕ್ಕಿಂತ ಚಿಕ್ಕದಾದ, ಇದಕ್ಕಿಂತ ಚೊಕ್ಕದಾದ ವ್ಯಂಗ್ಯವನ್ನು ಕಾಣುವುದು ಕಷ್ಟ. ಪರದೆಗೆ ಹೊಂದಿಸಲು ಕತ್ತರಿಸಿದಾಗ ಮೂರು ತೊಟ್ಟಿಗಳೂ ಮೂರು ಹೆಸರುಗಳೂ ಉಳಿದುವು, ಕೊಳವೆಯು ಹೋಯಿತು. ಪ್ರೇಕ್ಷಕರು ಸುಮ್ಮನಿರಲಿಲ್ಲ, ಹೋದುದು ಯಾವುದೆಂದು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ತೋರಿಸಿದರು. 2020ರ ಮೇ ತಿಂಗಳ ಕೊನೆಯಲ್ಲಿ, ಬೇಕಾದವರು ಹಳೆಯ ಚೌಕದಲ್ಲಿಯೇ ನೋಡಬಹುದೆಂಬ ಏರ್ಪಾಡಾಗಿ, ಕೊಳವೆಯು ಮತ್ತೆ ಕಣ್ಣಿಗೆ ಬಿದ್ದಿತು.